ಹಸಿರು ವೈರಿನ ವಿಚಾರವಾಗಿ

ಜಗಳೂರು, ನಿಮ್ಮದೇ ಮನೆಯ ಹೊರಗಿನ ಕಟ್ಟೆ
ಆಗಸ್ಟ್ ಒಂಬತ್ತು, ಎರಡನೇ ಶನಿವಾರ, ಬೆಳಗಿನ ಎಂಟು ಗಂಟೆ

ಜಗಳೂರು ಸೀಮೆಯ ನಲವತ್ತು ವರ್ಷಗಳ ಮದುವೆ, ನಾಮಕರಣ, ಸಭೆ, ಚುನಾವಣೆಗಳಿಗೆಲ್ಲ ದನಿ ಕೊಟ್ಟ, ಮೈಕ್‌ಸೆಟ್ ಉಚ್ಚಂಗೆಪ್ಪ ಎಂದೇ ಖ್ಯಾತರಾದ ಸೋದರಮಾವನವರ ಪಾದಗಳಿಗೆ, ಹೊನ್ನಾಳಿಯ ಅಳಿಯ ವಿನೋದನು ದೂರದಿಂದ, ಅಂದರೆ ನಿಮ್ಮ ಚಪ್ಪಲಿ ಬಂದು ತಾಗದಷ್ಟು ದೂರದಿಂದ, ಅಡ್ಡಬಿದ್ದು ಮಾಡಿಕೊಳ್ಳುವ ಅರಿಕೆ.

ಮಾವ,

ಮೇಲಿನ ಸಾಲು ಬರೆದ ಮೇಲೆ ಹರಿದುಹಾಕಬೇಕು ಅನ್ನಿಸಿತು. ಇವತ್ತಿಗೆ ಆ ಧಾಟಿ ಸರಿಯಲ್ಲ. ಆದರೆ ಅತ್ತೆ ಕೊಟ್ಟಿರುವುದು ಆರೇ ಆರು ಹಾಳೆ, ಅದೂ ಹಳೇ ಡೈರಿಯಿಂದ ಕಿತ್ತದ್ದು. ನನ್ನ ಕೈ ಮೊದಲಿನಿಂದ ಹೀಗೇ ಓಡುವುದು. ಹೆದರಿದಾಗ ಇನ್ನೂ ಜೋರಾಗಿ ಓಡುತ್ತದೆ. ಅದನ್ನು ಓದಿ "ಮತ್ತೆ ಶುರು ಹಚ್ಕಂಡ ನೋಡು, ಭಂಡ" ಎಂದು ಹಾಳೆ ಮಡಚಿಡಬೇಡಿ. ಅಷ್ಟು ಮಾತ್ರ ನಡೆಸಿಕೊಡಿ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಕೆರೆಬಿಳಚಿಯ ನಾಗೇಂದ್ರಪ್ಪ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಹದಿನಾಲ್ಕು ಮಕ್ಕಳು ಆಗಸ್ಟ್ ಹದಿನೈದರ ಹಾಡಿಗೆ ಬರಿಗಾಲಲ್ಲಿ ಕುಣಿಯಲಿದ್ದಾರೆ. ಅವರ ಪಕ್ಕದ ಮೇಜಿನ ಮೇಲೆ ಒಂದು ಕಬ್ಬಿಣದ ಆಂಪ್ಲಿಫೈಯರ್ ಇದೆ. ಅದರ ಮೈಗೆ ಕರೆಂಟು ಸೋರುತ್ತಿದೆ. ಸೋರಿದ್ದು ನೆಲಕ್ಕಿಳಿದು ಹೋಗಲು ಇದ್ದ ದಾರಿಯನ್ನು ಕತ್ತರಿಸಿದವನು ನಾನು. ಹೋಗಿ ಹೇಳಿದೆ, ಅವರು ನಂಬಲಿಲ್ಲ. ಈ ವಿಷಯದಲ್ಲಿ ಅವರು ನಂಬುವುದು ನಿಮ್ಮೊಬ್ಬರ ಮಾತನ್ನು. ನೀವೋ, ಜೂನ್ ತಿಂಗಳಿಂದ ಯಾವ ಸೆಟ್ಟನ್ನೂ ಮುಟ್ಟುವುದಿಲ್ಲವೆಂದು ಒಳಮನೆ ಸೇರಿದ್ದೀರಿ. ನೀವು ಹಾಗೆ ಕೂತಿರುವುದಕ್ಕೆ ಕಾರಣವೂ ನಾನೇ. ಅದನ್ನು ಹೇಳದೆ ಇದನ್ನು ಕೇಳಲು ನನಗೆ ಬಾಯಿಲ್ಲ.

ಗೋಡೆಯ ಆಚೆ ನೀವು ಕೆಮ್ಮುವುದು ಇಲ್ಲಿಗೆ ಕೇಳುತ್ತಿದೆ. ಬಾಗಿಲು ತಟ್ಟಿ ಹೇಳಿಬಿಡಬಹುದಿತ್ತು. ಆದರೆ ನನ್ನ ಮುಖ ನಿಮಗೆ ಗೊತ್ತು. ಸುಳ್ಳು ಹೇಳುವಾಗ ಸ್ವಾಮಿಗಳ ಹಾಗೆ ಗಂಭೀರವಾಗಿರುತ್ತದೆ, ನಿಜ ಹೇಳುವಾಗ ಹಲ್ಲು ಕಿರಿಯುತ್ತದೆ. ಚಿಕ್ಕಂದಿನಲ್ಲಿ ಬಾವಿಗೆ ಕರು ಬಿದ್ದಿದೆ ಎಂದು ನಗುನಗುತ್ತ ಹೇಳಿ ನಿಮ್ಮಿಂದಲೇ ಏಟು ತಿಂದಿದ್ದೆ. ಅವತ್ತು ಕರು ನಿಜವಾಗಿ ಬಿದ್ದಿತ್ತು. ಆಮೇಲೆ ನಿಮ್ಮ ಮೈಕಿನ ಕಟ್ಟಳೆಯೊಂದಿದೆಯಲ್ಲ. ಯಾರೇ ಬಂದು ಕಿವಿಯಲ್ಲಿ ಹೇಳಿದರೂ ನೀವು ಅನೌನ್ಸ್ ಮಾಡುತ್ತಿರಲಿಲ್ಲ. "ಚೀಟಿ ಬರಕೊಡ್ರಿ, ಕೆಳಗೆ ಸಹಿ ಹಾಕ್ರಿ. ಬಾಯಿ ಮಾತು ಮೈಕಿಗೆ ಹತ್ತಂಗಿಲ್ಲ" ಎನ್ನುತ್ತಿದ್ದಿರಿ. ಊಟಕ್ಕೆ ಏಳಿ ಎನ್ನುವುದಕ್ಕೂ ಬೀಗರಿಂದ ಸಹಿ ಹಾಕಿಸಿಕೊಂಡ ಮಹಾನುಭಾವರು ನೀವು. ಇದೂ ಅಂಥದೇ ಚೀಟಿ ಎಂದುಕೊಳ್ಳಿ, ಸ್ವಲ್ಪ ಉದ್ದವಾಯಿತು. ಕೆಳಗೆ ಸಹಿ ಹಾಕಿದ್ದೇನೆ.

ಫೆಬ್ರವರಿಯಲ್ಲಿ ನಾನು ಕೆಲಸ ಮಾಡುವ ಹೊನ್ನಾಳಿಯ ರಿಪೇರಿ ಅಂಗಡಿಯಿಂದ ಹಳೇ ಕಂಪ್ಯೂಟರೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ನಿಮ್ಮ ಮನೆಗೆ ತಂದೆ. ಊರಿಗೆ ಡಿಜೆಗಳು ಬಂದು ನಿಮ್ಮ ಮೈಕ್‌ಸೆಟ್ಟನ್ನು ಯಾರೂ ಕರೆಯದೆ ಎಷ್ಟೋ ವರ್ಷವಾಗಿತ್ತು. ಹಾರ್ನ್ ಸ್ಪೀಕರುಗಳು ಅಟ್ಟ ಸೇರಿದ್ದವು. ಆದರೆ ಆಂಪ್ಲಿಫೈಯರನ್ನು ಮಾತ್ರ ನೀವು ಪಡಸಾಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದಿರಿ. ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅದರಿಂದ ನಿಮ್ಮ ಸೆಟ್ಟಿಗೆ ಒಂದು ವೈರ್ ಎಳೆದು, ಸ್ವಿಚ್ ಒತ್ತಿದೆವು. ಹಾಡು ಬರುವ ಮೊದಲೇ ಅದು ಬಂತು. ಗುಂಯ್ ಎಂದು. ತೊಟ್ಟಿಯ ತಳದಲ್ಲಿ ದೊಡ್ಡ ಜೇನೊಂದು ಸಿಕ್ಕಿಕೊಂಡ ಹಾಗೆ. ಮೌಸ್ ಅಲ್ಲಾಡಿಸಿದರೆ ಅದರ ಮೇಲೊಂದು ಕಿರ್ರ್ ಎನ್ನುವ ಸದ್ದು. ಹಾಡು ನಿಲ್ಲಿಸಿದರೂ ಅದು ನಿಲ್ಲುತ್ತಿರಲಿಲ್ಲ.

ನೀವು ಮುಖ ಹುಳ್ಳಗೆ ಮಾಡಿಕೊಂಡು ಹೇಳಿದ್ದು ನೆನಪಿದೆ. "ಆಂಪ್ಲಿಫೈಯರ್ ಅಂದ್ರೆ ಹಾಲು ಇದ್ದಂಗೆ ಕಣಲೇ. ಒಂದು ಹನಿ ಹುಳಿ ಬಿದ್ರೂ ಒಡೆದೋಗ್ತೈತೆ. ತೆಗಿ ನಿನ್ ಕಂಪ್ಯೂಟರ್ ಆಚೀಗೆ."

ಎರಡು ವಾರ ನಾವಿಬ್ಬರೂ ಆ ಸದ್ದಿನ ಬೆನ್ನು ಹತ್ತಿದೆವು. ವೈರ್ ಬದಲಿಸಿದೆವು. ಹಾಡು ಒಯ್ಯುವ ಸಿಗ್ನಲ್ ವೈರನ್ನು ಕರೆಂಟಿನ ವೈರಿನಿಂದ ಗೇಣು ದೂರ ಇಟ್ಟೆವು. ಅಂಗಡಿಯಿಂದ ಕರೀ ಬಳೆಯಂಥ ಕಾಂತದ ಉಂಗುರ ತಂದು ವೈರಿಗೆ ಹಾಕಿದೆ. ಕಂಪ್ಯೂಟರಿನ ಬೆನ್ನಿಗಿದ್ದ ತೂತು ಬಿಟ್ಟು, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಡಬ್ಬಿಯೊಂದನ್ನು ಹೊರಗಿಟ್ಟೆ. ಕಿರ್ರ್ ಎನ್ನುವುದು ಸತ್ತಿತು. ಗುಂಯ್ ಎನ್ನುವುದು ಸಾಯಲಿಲ್ಲ. ಕೊನೆಗೆ ನೀವೇ ಅದರ ಹುಟ್ಟು ಹಿಡಿದಿರಿ. "ಕಂಪ್ಯೂಟರ್ ಅರ್ತು ಆ ರೂಮಿಂದ ಬರ್ತೈತೆ, ನನ್ ಸೆಟ್ಟಿನ ಅರ್ತು ಈ ಪಡಸಾಲಿಂದ. ನಡುವೆ ನಿನ್ ವೈರ್ ಎರಡನ್ನೂ ಗಂಟು ಹಾಕೈತೆ. ಎರಡು ನೆಲ ಜಗಳ ಆಡ್ತಾವೆ. ಎರಡನ್ನೂ ಒಂದೇ ಬೋರ್ಡಿಗೆ ತರಬೇಕು. ನಿಧಾನಕ್ಕೆ ಮಾಡಾನ, ಲೈನ್ ಎಳೆಯಾಕೆ ಹುಡುಗ ಬರ್ಲಿ."

ನಿಧಾನಕ್ಕೆ! ನನಗೆ ಆ ಮಾತು ಯಾವತ್ತು ತಿಳಿದಿದೆ ಹೇಳಿ.

ಈ ನಡುವೆ ನಾನು ಅತ್ತೆಯ ಜೊತೆ ಒಂದು ಆಟ ಹೂಡಿದ್ದೆ. ಅದು ನಿಮಗೆ ಅರ್ಧ ಗೊತ್ತು. ಸಾವಂತ್ರಮ್ಮ ಅತ್ತೆ ಒಂದು ದಿನ ಅಡುಗೆಮನೆಯಿಂದ ಬಂದು, "ಏನಪ್ಪಾ ಅದು, ಒಳಗೆ ಯಾರೋ ನರಳಿದಂಗೆ ಆಗ್ತೈತೆ" ಅಂದಳು. ನಾನು ಮುಖವನ್ನು ಸ್ವಾಮಿಗಳ ಹಾಗೆ ಮಾಡಿಕೊಂಡೆ. "ಅತ್ತೆ, ನಲವತ್ತು ವರ್ಷ ಮಾವ ಈ ಪೆಟ್ಟಿಗ್ಯಾಗೆ ಏನೇನು ಕೂಗ್ಯಾರೆ ಹೇಳು. ಮಗು ಕಳದೈತೆ, ಮುದುಕಿ ದಾರಿ ತಪ್ಪೈತೆ, ಇಂಥೋರು ಎಲ್ಲಿದ್ರೂ ವೇದಿಕೆ ಹತ್ರ ಬರಬೇಕು. ಬಂದೋರು ಬಂದ್ರು. ಬರದೇ ಇದ್ದೋರು ಇನ್ನೂ ಒಳಗೇ ಅದಾರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪೆಟ್ಟಿಗಿ ಒರಸಿ, ಇಬತ್ತಿ ಹಚ್ಚು. ತಣ್ಣಗಾಗ್ತಾರೆ" ಅಂದೆ.

ಅತ್ತೆ ನಕ್ಕಳು. ನಕ್ಕರೂ ಮಾರನೆಯ ದಿನ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಒದ್ದೆ ಬಟ್ಟೆಯಲ್ಲಿ ನಿಮ್ಮ ಆಂಪ್ಲಿಫೈಯರಿನ ನೆತ್ತಿ, ಪಕ್ಕೆ ಎಲ್ಲ ಒರೆಸಿ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಅದು ರೂಢಿಯಾಯಿತು. ದೇವರ ಜಗುಲಿ ಆದ ಮೇಲೆ ಪೆಟ್ಟಿಗೆ, ಪೆಟ್ಟಿಗೆ ಆದ ಮೇಲೆ ಒಲೆ. ನೀವು ನೋಡಿಯೂ ತಡೆಯಲಿಲ್ಲ. ನಿಮಗೆ ಒಳಗೊಳಗೇ ಖುಷಿಯಾಗಿತ್ತು. ನಲವತ್ತು ವರ್ಷ ಆ ಪೆಟ್ಟಿಗೆಯನ್ನು ಸವತಿ ಎಂದು ಬೈದವಳು ಕೊನೆಗೂ ಅದಕ್ಕೆ ಕೈ ಮುಗಿದಳಲ್ಲ ಎಂದು.

ಮಾರ್ಚ್‌ನಲ್ಲಿ ನಾನು ಸದ್ದು ಬಿಡಿಸುವ ಶಾಂತಿ ಮಾಡಿದೆ. ನಿಂಬೆಹಣ್ಣು ಕೊಯ್ದೆ, ಊದುಬತ್ತಿ ಹಚ್ಚಿದೆ, ನಿಮ್ಮಿಬ್ಬರಿಗೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಲು ಹೇಳಿದೆ. ನೀವು "ಥೂ, ಇವನ" ಎನ್ನುತ್ತಲೇ ಮುಚ್ಚಿದಿರಿ. ನನಗೆ ಬೇಕಾದದ್ದು ಎರಡು ನಿಮಿಷ. ಮೇನ್ ಸ್ವಿಚ್ ಆರಿಸಿ, ನಿಮ್ಮ ಸೆಟ್ಟಿನ ಮೂರು ಪಿನ್ನಿನ ಪ್ಲಗ್ಗನ್ನು ಬಿಚ್ಚಿ, ಒಳಗಿನ ಹಸಿರು ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಮತ್ತೆ ತಿರುಪು ಬಿಗಿದೆ. ಹೊರಗಿನಿಂದ ನೋಡಿದರೆ ಮೂರು ಪಿನ್ನೂ ಹಾಗೇ ಇದ್ದವು.

ಸ್ವಿಚ್ ಹಾಕಿದಾಗ ಸದ್ದೇ ಇರಲಿಲ್ಲ. ಸೆಟ್ಟು ಹೊತ್ತಿದೆಯೋ ಇಲ್ಲವೋ ಎಂದು ನೀವು ಕೆಂಪು ದೀಪ ಬಗ್ಗಿ ನೋಡಿದಿರಿ. ಆಮೇಲೆ ಹಾಡು ಬಂತು. ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ನಿಮ್ಮ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

"ಏನ್ ಮಾಡ್ದೆಲೋ?" ಅಂದಿರಿ.

"ಮಂತ್ರ" ಅಂದೆ.

ನೀವು ಎರಡನೇ ಸಲ ಕೇಳಲಿಲ್ಲ. ಅಳಿಯನ ಹತ್ತಿರ ಕೇಳಿ ತಿಳಿದುಕೊಳ್ಳುವುದು ನಿಮ್ಮ ಮರ್ಯಾದೆಗೆ ಒಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಧೈರ್ಯದಲ್ಲೇ ಸುಮ್ಮನಿದ್ದೆ.

ಆಮೇಲೆ ನನ್ನ ಹೆಸರು ಹಬ್ಬಿತು. ನ್ಯಾಮತಿಯ ಒಂದು ಭಜನಾ ಮನೆಯವರು ಕರೆದರು. ಏಪ್ರಿಲ್‌ನಲ್ಲಿ ನಾಗೇಂದ್ರಪ್ಪ ಮೇಷ್ಟ್ರು ಕರೆದರು. ಅವರ ಸೊಸೆ ಕಲ್ಪನಾ ಮನೆಯಲ್ಲೇ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತಾರೆ, ಲ್ಯಾಪ್‌ಟಾಪಿನಿಂದ ಹಾಡು ಹಾಕಿದರೆ ಅವರ ಹಳೇ ಸೆಟ್ಟೂ ಗುಂಯ್ ಎನ್ನುತ್ತಿತ್ತು. ಎರಡೂ ಕಡೆ ಅದೇ ನಿಂಬೆಹಣ್ಣು, ಅದೇ ಊದುಬತ್ತಿ, ಅದೇ ಹಸಿರು ವೈರು. ಮೇಷ್ಟ್ರಂತೂ ನನ್ನನ್ನು ಬಸ್‌ಸ್ಟಾಪಿನ ತನಕ ಬಂದು ಕಳಿಸಿಕೊಟ್ಟರು. ನಾನು ಕಿಟಕಿ ಪಕ್ಕ ಕೂತು ಒಬ್ಬನೇ ನಗುತ್ತಿದ್ದೆ.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲ. ಇದನ್ನು ಬರೆಯುವಾಗ ಮಾತ್ರ ನನ್ನ ಕೈ ಓಡುತ್ತಿಲ್ಲ.

ಮೇ ಕೊನೆಯ ವಾರ ಅಂಗಡಿಯಲ್ಲಿ ಈ ಕಥೆಯನ್ನು ಅಭಿನಯಿಸಿ ತೋರಿಸುತ್ತಿದ್ದೆ. ನಮ್ಮ ಅಂಗಡಿಯ ಮಾಲೀಕರು ಗುರುಬಸವರಾಜ್ ಸೋಲ್ಡರಿಂಗ್ ಕಡ್ಡಿ ಹಿಡಿದು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಹಸಿರು ವೈರು ಎಂದಾಗ ತಲೆ ಎತ್ತಿದರು. "ಅರ್ತ್ ಕಿತ್ತೀಯೇನಲೇ?" ಅಂದರು. ನಾನು ಇನ್ನೂ ನಗುತ್ತಲೇ ಇದ್ದೆ. ಅವರು ನಗಲಿಲ್ಲ.

"ಹಳೇ ಸೆಟ್ಟು. ಒಳಗಿನ ಟ್ರಾನ್ಸ್‌ಫಾರ್ಮರ್ ಯಾವತ್ತಾದ್ರೂ ಸೋರಾಕೆ ಹತ್ತಿದ್ರೆ ಆ ಹಸಿರು ವೈರು ಅದನ್ನ ನೆಲಕ್ಕೆ ಒಯ್ತಿತ್ತು. ಈಗ ಹೋಗಾಕೆ ದಾರಿ ಇಲ್ಲ. ಸಿಗ್ನಲ್ ವೈರು ಸಿಕ್ಕಿಸಿರೋ ತನಕ ಕಂಪ್ಯೂಟರ್ ಕಡಿಂದ ಹೆಂಗೋ ಸ್ವಲ್ಪ ಇಳೀತೈತೆ. ಆ ವೈರ್ ಕಿತ್ತ ದಿನ ಪೆಟ್ಟಿಗೆ ಮುಟ್ಟಿದೋರೇ ವೈರು. ಇವತ್ತೇ ಹೋಗಿ ಸರಿ ಮಾಡು. ಸದ್ದು ತೆಗೀಬೇಕಂದ್ರೆ ಸಿಗ್ನಲ್ ವೈರಿನ ನಡುವೆ ಐಸೊಲೇಟರ್ ಡಬ್ಬಿ ಹಾಕು, ಹಾಡು ದಾಟ್ತೈತೆ, ಕರೆಂಟು ದಾಟಂಗಿಲ್ಲ. ಅರ್ತ್ ಮುಟ್ಟಬ್ಯಾಡ."

ಇವತ್ತೇ ಹೋಗು ಅಂದರು ಮಾವ. ನಾನು ಹೋಗಲಿಲ್ಲ. ಬಸ್ಸು ಇರಲಿಲ್ಲವೆಂದಲ್ಲ, ರಜೆ ಸಿಗಲಿಲ್ಲವೆಂದಲ್ಲ. ಬಂದು ಪ್ಲಗ್ ಬಿಚ್ಚಿದರೆ ಮಂತ್ರವೇ ಇರಲಿಲ್ಲವೆಂದು ನಿಮಗೆ ತಿಳಿಯುತ್ತದೆ. ನೀವು ನೋಡದೆ ಇರುವಾಗ ಮಾಡೋಣ, ಮುಂದಿನ ಅಮಾವಾಸ್ಯೆಗೆ ಬಂದಾಗ ಮಾಡೋಣ ಎಂದುಕೊಂಡೆ. ಹತ್ತೊಂಬತ್ತು ದಿನ ಹೀಗೆ ಎಂದುಕೊಂಡೇ ಕಳೆದೆ. ನಗೆಪಾಟಲಾಗಬಾರದೆಂದು ಒಬ್ಬ ನಗಿಸುವವನು ಹತ್ತೊಂಬತ್ತು ದಿನ ಕಾದದ್ದು.

ಜೂನ್ ಹದಿನಾರರ ಬೆಳಿಗ್ಗೆ ಕಂಪ್ಯೂಟರ್ ಸ್ಕ್ರೀನು ಬರುತ್ತಿಲ್ಲವೆಂದು ನೀವು ಅದರ ವೈರುಗಳನ್ನೆಲ್ಲ, ಸೆಟ್ಟಿಗೆ ಹೋಗುವ ಸಿಗ್ನಲ್ ವೈರನ್ನೂ ಸೇರಿಸಿ, ಕಿತ್ತು, ನನಗೆ ಕಳಿಸಲು ಚೀಲಕ್ಕೆ ತುಂಬಿದಿರಿ. ಆಂಪ್ಲಿಫೈಯರ್ ಪ್ಲಗ್ಗಿನಲ್ಲೇ ಇತ್ತು, ದೀಪವೂ ಉರಿಯುತ್ತಿತ್ತು. ನೀವು ಹಗ್ಗ ತರಲು ಹಿತ್ತಲಿಗೆ ಹೋದಿರಿ. ಮುಂಗಾರು ಹಿಡಿದು ನಾಲ್ಕು ದಿನವಾಗಿತ್ತು, ಗೋಡೆ ಕೈಯಿಟ್ಟರೆ ತಣ್ಣಗೆ. ಅತ್ತೆ ಸ್ನಾನ ಮುಗಿಸಿ, ಒರೆಸಿದ ನೆಲದ ಮೇಲೆ ಬರಿಗಾಲಲ್ಲಿ ಬಂದು, ಒದ್ದೆ ಬಟ್ಟೆಯನ್ನು ಪೆಟ್ಟಿಗೆಯ ಮೇಲೆ ಇಟ್ಟಳು.

ಅವಳು ಕೂಗಲಿಲ್ಲ ಎಂದು ನೀವು ಆಮೇಲೆ ಹೇಳಿದಿರಿ. ಬಿದ್ದ ಸದ್ದು ಮಾತ್ರ ಕೇಳಿತು ಅಂದಿರಿ. ಬಿದ್ದದ್ದರಿಂದಲೇ ಕೈ ಬಿಟ್ಟುಬಂತು, ಬಿದ್ದದ್ದರಿಂದಲೇ ಉಳಿದಳು ಎಂದು ಡಾಕ್ಟರು ಹೇಳಿದರು.

ನಾನು ದಾವಣಗೆರೆಯ ಆಸ್ಪತ್ರೆಗೆ ಬಂದಾಗ ಸಂಜೆ ನಾಲ್ಕು ಗಂಟೆ. ಕೈಯಲ್ಲಿ ಕಾಫಿಯ ಫ್ಲಾಸ್ಕ್ ಇತ್ತು. ಅತ್ತೆಯ ಬಲಗೈಗೆ ಮೊಣಕೈ ತನಕ ಬಟ್ಟೆ ಸುತ್ತಿದ್ದರು. ಹೇಗಾಯಿತು ಎಂದು ಡಾಕ್ಟರು ಕೇಳಿದರು. ನೀವು ಎದ್ದು ನಿಂತು, ಶಾಲೆಯ ಹುಡುಗ ಒಪ್ಪಿಕೊಳ್ಳುವ ಹಾಗೆ ಹೇಳಿದಿರಿ, "ನಾನೇ ಸುಟ್ಟೆ ಸರ್. ಹೋದ್ ವರ್ಷ ಟ್ರಾನ್ಸ್‌ಫಾರ್ಮರ್ ಹತ್ರ ನಾನೇ ಬೆಸುಗೆ ಹಾಕಿದ್ದೆ. ಕಣ್ಣು ಸರಿಯಾಗಿ ಕಾಣಲ್ಲ. ಎಲ್ಲೋ ತಪ್ಪಿದೀನಿ. ನಲವತ್ತು ವರ್ಷದಾಗೆ ನನ್ ಸೆಟ್ಟಿಂದ ಒಬ್ಬರಿಗೂ ಜುಮ್ ಅಂದಿರಲಿಲ್ಲ. ಹೊರಗಿನೋರಿಗೆ ಆಗ್ಲಿಲ್ಲ, ಮನೆಯಾಕಿಗೇ ಆತು."

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲು ಅದು ಸರಿಯಾದ ಹೊತ್ತಾಗಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಕಾಫಿ ಬಗ್ಗಿಸಿ, ನಿಮಗೆ ಕೊಟ್ಟೆ. ನೀವು ಕುಡಿದಿರಿ. "ನೀನಾದ್ರೂ ಬಂದೆಲ್ಲಪ್ಪ" ಅಂದಿರಿ.

ನಿಮ್ಮ ಬೆಸುಗೆ ಸರಿಯಾಗಿತ್ತು ಮಾವ. ನೀವು ಸೆಟ್ಟು ಬಿಚ್ಚಿ ನೋಡಿದಿರಿ, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಮ್ಮದೇ ಕೈಯ ಗುರುತು ಕಂಡಿರಿ, ಅಲ್ಲಿಗೆ ನಿಲ್ಲಿಸಿದಿರಿ. ಪ್ಲಗ್ ಬಿಚ್ಚಿ ನೋಡಲಿಲ್ಲ. ಯಾಕೆಂದರೆ ಆ ಪ್ಲಗ್ಗನ್ನು ಹಾಕಿದವರು ನೀವು, ಅದರಲ್ಲಿ ಅರ್ತ್ ಇದ್ದೇ ಇದೆ ಎಂದು ನಿಮಗೆ ಗೊತ್ತಿತ್ತು. ಸೋರಿದ್ದು ಹಳೇ ಟ್ರಾನ್ಸ್‌ಫಾರ್ಮರು, ಅದಕ್ಕೆ ಮುಪ್ಪು. ಆದರೆ ಅದು ಎಷ್ಟು ಸೋರಿದರೂ ನೆಲಕ್ಕೆ ಇಳಿದುಹೋಗುವ ಹಾಗೆ ನೀವು ದಾರಿ ಮಾಡಿ ಇಟ್ಟಿದ್ದಿರಿ. ನಿಮ್ಮ ನಲವತ್ತು ವರ್ಷದ ಲೆಕ್ಕಕ್ಕೆ ಒಂದು ಜುಮ್ಮೂ ಸೇರಿಲ್ಲ. ಇದು ನನ್ನ ಖಾತೆಯದು.

ಆದರೆ ಅವತ್ತಿನಿಂದ ನೀವು ಸೆಟ್ಟನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಹೊಲಿದಿರಿ. ಸೋಲ್ಡರಿಂಗ್ ಕಡ್ಡಿಯನ್ನು ಯಾರಿಗೋ ಕೊಟ್ಟಿರಿ. ಪಕ್ಕದ ಮನೆಯವರು ಮಿಕ್ಸಿ ತಂದರೆ "ಆ ಕೈ ಈಗಿಲ್ಲ, ಬ್ಯಾರೆಯವರ ತಾವ ಹೋಗ್ರಿ" ಎಂದು ಬಾಗಿಲಿಂದಲೇ ಕಳಿಸುತ್ತೀರಂತೆ. ಫೋನೂ ಎತ್ತುವುದಿಲ್ಲ. ಅತ್ತೆಯ ಎರಡು ಬೆರಳು ಇನ್ನೂ ಮಡಚುತ್ತಿಲ್ಲ. ಇವತ್ತು ಬೆಳಿಗ್ಗೆ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸದ್ದು ಬೇರೆಯಾಗಿತ್ತು, ಒಂದು ಏಟು ಬಿಟ್ಟು ಒಂದು.

ಆಸ್ಪತ್ರೆಯಿಂದ ಬಂದ ವಾರವೇ ನಾನು ನ್ಯಾಮತಿಗೆ ಹೋಗಿ ಭಜನೆಯವರ ಪ್ಲಗ್ಗಿನಲ್ಲಿ ಹಸಿರು ವೈರು ಕೂಡಿಸಿ ಬಂದೆ. ಹಾರ್ಮೋನಿಯಂ ಧೂಳು ಒರೆಸುತ್ತೇನೆಂದು ಸುಳ್ಳು ಹೇಳಿ ಕೂಡಿಸಿದೆ. ಅವರ ಸೆಟ್ಟು ಮತ್ತೆ ಗುಂಯ್ ಅನ್ನುತ್ತಿದೆ, ನನ್ನ ಮಂತ್ರದ ಅವಧಿ ಮುಗಿಯಿತೆಂದು ಬೈಯುತ್ತಿದ್ದಾರೆ. ಬೈಯಲಿ. ಕೆರೆಬಿಳಚಿಗೆ ಹೋದಾಗ ಮನೆಗೆ ಬೀಗ. ಮೇಷ್ಟ್ರು ಬಾಣಂತಿ ಮಗಳ ಊರಿಗೆ ಹೋಗಿದ್ದರು, ಕಲ್ಪನಾ ತವರಿಗೆ. ಬೀಗ ಇದ್ದದ್ದೇ ನನಗೆ ಸಮಾಧಾನವಾಯಿತು. ಬೀಗ ಹಾಕಿದ ಮನೆಯಲ್ಲಿ ಯಾರು ಏನು ಮುಟ್ಟುತ್ತಾರೆ ಎಂದುಕೊಂಡೆ. ನನ್ನ ಬುದ್ಧಿ ಯಾವತ್ತೂ ಸಮಾಧಾನದ ಕಡೆಗೇ ವಾಲುವುದು.

ನಿನ್ನೆ ಹೋದೆ. ಮನೆ ತುಂಬ ಮಕ್ಕಳು. ಕೆರೆ ಕಡೆಯ ಗಾಳಿಗೆ ಪಡಸಾಲೆಯ ಬಂಡೆ ಬೆವೆತಿತ್ತು, ಪುಟ್ಟ ಪುಟ್ಟ ಹೆಜ್ಜೆಯ ಗುರುತು ಅದರ ಮೇಲೆಲ್ಲ. ಕಲ್ಪನಾ ಲ್ಯಾಪ್‌ಟಾಪನ್ನು ಶಾಲೆಗೆ ಒಯ್ಯಲೆಂದು ವೈರು ಕಿತ್ತು ಎದ್ದರು. ನಾನು ಟೆಸ್ಟರನ್ನು ಪೆಟ್ಟಿಗೆಯ ಮೂಲೆಗೆ ಹಚ್ಚಿದೆ. ಅದರೊಳಗಿನ ಕೆಂಪು ದೀಪ ಮಂಕಾಗಿ ಕಣ್ಣು ಬಿಟ್ಟಿತು. ಅದೇ ಹೊತ್ತಿಗೆ ಒಂದು ಹುಡುಗಿ, ಹಾಡು ನಿಂತಿತಲ್ಲ ಎಂದು, ಸೆಟ್ಟಿನ ಸೌಂಡ್ ಇಳಿಸಲು ಗುಂಡಿಗೆ ಕೈ ಚಾಚಿದಳು. ಗುಂಡಿ ಪ್ಲಾಸ್ಟಿಕ್ಕಿನದು. ಅದಕ್ಕೆ ಅರ್ಧ ಬೆರಳಿನ ಅಂತರದಲ್ಲಿ ಕಬ್ಬಿಣ ಇತ್ತು.

ನಾನು ಹಾರಿ ಪ್ಲಗ್ ಕಿತ್ತೆ. ಎಲ್ಲ ಹೇಳಿದೆ. ಎಲ್ಲವನ್ನೂ, ಅತ್ತೆಯ ಕೈಯನ್ನೂ. ಹೇಳುತ್ತ ಹೇಳುತ್ತ ನನ್ನ ಬಾಯಿ ಅಗಲವಾಗತೊಡಗಿತು. ಹಲ್ಲು ಕಚ್ಚಿದೆ, ತಡೆಯಲಾಗಲಿಲ್ಲ, ನಗು ಬಂತು. ಮಕ್ಕಳೂ ನಕ್ಕವು.

ಮೇಷ್ಟ್ರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಅವತ್ತು ದೆವ್ವ ಓಡಿಸಾಕೆ ಬಂದೆ, ಇವತ್ತು ದೆವ್ವ ಬಿಡಾಕೆ ಬಂದಿಯೇನಪ್ಪ? ಒಂದೇ ವಾರ ಐತೆ ಕಾರ್ಯಕ್ರಮಕ್ಕೆ. ಈಗ ಇದನ್ನ ಮತ್ತೆ ಗುಂಯ್ ಅನಿಸ್ತೀಯ?" ಅಂದರು.

"ಸರ್, ನಿಜ ಸರ್, ಟೆಸ್ಟರ್ ನೋಡ್ರಿ."

"ನಿನ್ನ ಟೆಸ್ಟರ್, ನಿನ್ನ ದೀಪ. ನಿಂಬೆಹಣ್ಣೂ ನಿಂದೇ ಆಗಿತ್ತು." ಪ್ಲಗ್ಗನ್ನು ನನ್ನ ಕೈಯಿಂದ ಕಸಿದುಕೊಂಡರು. "ಉಚ್ಚಂಗೆಪ್ಪ ಬಂದು ಕೈಯಿಟ್ಟು ಹೇಳ್ಲಿ, ಕೇಳ್ತೀನಿ. ನನ್ ಮದುವೆ ಆಗಿದ್ದೇ ಅವನ ಮೈಕ್‌ಸೆಟ್ಟಿನಾಗೆ. ಅವನು ಸುಳ್ಳು ಹೇಳಲ್ಲ, ನೀನು ನಿಜ ಹೇಳಲ್ಲ. ನಡಿ." ಕಲ್ಪನಾ ಮಾತ್ರ ಬಾಗಿಲ ತನಕ ಬಂದು, "ನಾಳೆ ಸ್ಕೂಲ್ ರಜೆ. ಮೂರು ಗಂಟೆಗೆ ಇಲ್ಲೇ ಪ್ರಾಕ್ಟೀಸ್. ಅಷ್ಟರಾಗೆ ಕರ್ಕೊಂಡು ಬರ್ತೀರೇನು?" ಎಂದು ಕೇಳಿದರು. ಅವರಿಗೆ ಅನುಮಾನ ಹುಟ್ಟಿತ್ತು. ಮೇಷ್ಟ್ರ ಮಾತು ಮೀರುವಷ್ಟು ಹುಟ್ಟಿರಲಿಲ್ಲ. ಸಂಜೆಯೆಲ್ಲ ನಿಮಗೆ ಫೋನ್ ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಬೆಳಗಿನ ಮೊದಲ ಬಸ್ಸಿಗೆ ಇಲ್ಲಿಗೆ ಬಂದೆ.

ಅತ್ತೆಗೆ ಹೇಳಿಯಾಯಿತು. ನಿಮಗಿಂತ ಮೊದಲು ಅವಳಿಗೆ ಹೇಳಬೇಕಿತ್ತು, ಕೈ ಅವಳದು. ಒಲೆಯ ಮುಂದೆ ಕೂತು ಹೇಳಿದೆ. ನಗು ಬಂದರೂ ನಿಲ್ಲಿಸದೆ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿದಳು. ತನ್ನ ಬಲಗೈಯ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಬಾಯಿಗೆ ಸೆರಗು ಇಟ್ಟುಕೊಂಡು ಅಳುತ್ತಾಳೆ ಎಂದು ಮೂರಕ್ಕೂ ತಯಾರಾಗಿದ್ದೆ. ಅವಳು ಹೇಳಿದ್ದು ಇಷ್ಟೇ.

"ಹಂಗಾದ್ರೆ ನಿಮ್ ಮಾವನ ಕೈ ತಪ್ಪಲ್ಲ."

ಆಮೇಲೆ ರೊಟ್ಟಿ ಹೊತ್ತಿತು. ಅದನ್ನು ತಿರುವಿ ಹಾಕಿ, "ಬಾಯಾಗೆ ಹೇಳಬ್ಯಾಡ, ಹಲ್ಲು ಬಿಡ್ತೀಯ, ಅವರು ಕೇಳಂಗಿಲ್ಲ. ಬರಕೊಡು, ನಾನು ಒಳಗೆ ಕೊಡ್ತೀನಿ. ಮೊದ್ಲು ಆ ಮಕ್ಕಳದ್ದು ನೋಡ್ರಿ. ನಿನ್ನ ವಿಚಾರ ಆಮೇಲೆ ಐತೆ" ಅಂದಳು. ಆಮೇಲೆ ಐತೆ ಎಂದ ದನಿ ನೀವು ಕೇಳಬೇಕಿತ್ತು.

ಹತ್ತೂ ಕಾಲಿಗೆ ದಾವಣಗೆರೆ ಬಸ್ಸಿದೆ. ಅಲ್ಲಿಂದ ಚನ್ನಗಿರಿ ಬಸ್ಸು ಹಿಡಿದರೆ ಎರಡರೊಳಗೆ ಕೆರೆಬಿಳಚಿ. ನೀವು ಏನೂ ರಿಪೇರಿ ಮಾಡುವುದು ಬೇಡ. ಆ ಪಡಸಾಲೆಯಲ್ಲಿ ನಿಂತು, ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು, "ಮೇಷ್ಟ್ರೇ, ಇದರಾಗೆ ಅರ್ತ್ ಇಲ್ಲ" ಎಂದು ಒಂದು ಮಾತು ಹೇಳಿದರೆ ಸಾಕು. ವೈರು ನಾನು ಕೂಡಿಸುತ್ತೇನೆ, ನೀವು ನೋಡುತ್ತಿರಿ. ಸದ್ದಿಗೆ ಐಸೊಲೇಟರ್ ಚೀಲದಲ್ಲಿ ತಂದಿದ್ದೇನೆ. ಹಾಡು ಚೆನ್ನಾಗಿಯೇ ಬರುತ್ತದೆ, ಯಾರ ಜೀವವನ್ನೂ ಒತ್ತೆಯಿಡದೆ. ದಾರಿಯುದ್ದಕ್ಕೂ ನಾನು ಬಾಯಿ ಬಿಡುವುದಿಲ್ಲ. ನೀವು ಬಸ್ಸಿನಲ್ಲೇ ಹೊಡೆದರೂ ಕಂಡಕ್ಟರಿಗೆ ನಮ್ಮ ಮಾವ ಎಂದು ಹೇಳುತ್ತೇನೆ.

ನೀವು ಬರದಿದ್ದರೆ? ಅದನ್ನೂ ಯೋಚಿಸಿದ್ದೇನೆ. ನಾನೊಬ್ಬನೇ ಅದೇ ಬಸ್ಸಿಗೆ ಹೋಗುತ್ತೇನೆ. ಮೇಷ್ಟ್ರ ಮನೆಯ ಮೀಟರ್ ಬೋರ್ಡು ಹೊರಗಿನ ಗೋಡೆಯಲ್ಲಿದೆ, ನಿನ್ನೆ ನೋಡಿಟ್ಟಿದ್ದೇನೆ. ಮೂರು ಗಂಟೆಗೆ ಹಾಡು ಶುರುವಾಗುವ ಮೊದಲು ಅದರ ಫ್ಯೂಸನ್ನು ಕಿತ್ತುಕೊಂಡು ಓಡುತ್ತೇನೆ. ಹಿಡಿದು ಹೊಡೆಯುತ್ತಾರೆ. ನಾನು ಆಗಲೂ ನಗುತ್ತಿರುತ್ತೇನೆ, ಅದಕ್ಕೆ ಇನ್ನೆರಡು ಹೆಚ್ಚು ಬೀಳುತ್ತದೆ. ಆದರೆ ಫ್ಯೂಸ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಮಾವ. ತಂದು ಹಾಕಲು ಬಹಳವೆಂದರೆ ಅರ್ಧ ಗಂಟೆ. ನಾನು ಎಷ್ಟು ಓಡಿದರೂ ಆ ಮಕ್ಕಳಿಗೆ ಕೊಡಿಸಬಲ್ಲದ್ದು ಅಷ್ಟೇ. ಆಮೇಲೆ ದೀಪ ಬರುತ್ತದೆ, ಹಾಡು ಬರುತ್ತದೆ, ಯಾರೋ ಒಬ್ಬರು ಸೌಂಡ್ ಹೆಚ್ಚು ಮಾಡಲು ಕೈ ಚಾಚುತ್ತಾರೆ.

ಆಶೀರ್ವಾದ ಬೇಡುವ ಮುಖ ಇವತ್ತು ನನ್ನದಲ್ಲ. ಅತ್ತೆಯ ಬೆರಳು ಮಡಚುವ ಹಾಗಾಗಲಿ, ನಿಮ್ಮ ಕೈಗೆ ಅದರ ನಂಬಿಕೆ ತಿರುಗಿ ಬರಲಿ ಎಂದು ನಾನೇ ಬೇಡಿಕೊಳ್ಳುತ್ತೇನೆ. ಈಗ ಒಂಬತ್ತೂವರೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ, ಮಾವ.

ಬಾಗಿಲ ಹೊರಗೆ, ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಕೂತಿರುವ ಅಳಿಯ,
ವಿನೋದ
(ಸಹಿ ಹಾಕಿದೆ)